ಮಗನ ಜಾಮೀನು

ಋಣ, ಹೊಣೆ, ಜಾಮೀನು ಎಂಬ ಮೂರು ಮಾತುಗಳು ಮೇಲ್ನೋಟಕ್ಕೆ ಒಂದೇ ಅರ್ಥದ ಸುತ್ತ ಸುಳಿಯುವಂತೆ ತೋರಬಹುದು. ಆದರೆ ನಮ್ಮ ಜನ ಅವನ್ನು ಬಳಸುವ ರೀತಿಯನ್ನು ಗಮನಿಸಿದರೆ ಒಂದೊಂದರ ನೆಲೆಯೂ ಬೇರೆಯೆಂಬುದು ಗೊತ್ತಾಗುತ್ತದೆ. ಋಣ ಹುಟ್ಟಿನೊಡನೆ ಬಂದದ್ದು. ಅದನ್ನು ಯಾರೂ ಬರೆದುಕೊಡುವುದಿಲ್ಲ, ಯಾರೂ ಬರೆಸಿಕೊಳ್ಳುವುದೂ ಇಲ್ಲ. ಹೊಣೆಯನ್ನು ಮನುಷ್ಯ ತಾನಾಗಿ ಹೊರುತ್ತಾನೆ. ಜಾಮೀನಾದರೋ ಮೂರನೆಯವನೊಬ್ಬನ ಎದುರಿನಲ್ಲಿ, ಅವನ ಸಮಾಧಾನಕ್ಕಾಗಿ, ಕಾಗದದ ಮೇಲೆ ಸಹಿ ಹಾಕಿ ನಿಲ್ಲತಕ್ಕದ್ದು. ಅರಬ್ಬಿ ಪಾರಸಿಗಳಿಂದ ಹೊರಟು ಕಚೇರಿಗಳ ದಾರಿಯಿಂದ ನಮ್ಮ ಭಾಷೆಗೆ ಬಂದ ಆ ಮಾತು ಸಹಕಾರ ಸಂಘದ ಸಾಲದಲ್ಲಿಯೂ ನ್ಯಾಯಾಲಯದ ಕಟಕಟೆಯಲ್ಲಿಯೂ ನೆಲೆಯೂರಿದೆ. ತಂದೆತಾಯಿಗಳ ವಿಷಯದಲ್ಲಿ ನಾವು ಋಣವೆಂದಿದ್ದೇವೆ, ಹೊಣೆಯೆಂದಿದ್ದೇವೆ; ಜಾಮೀನೆಂದು ಅಂದವರಲ್ಲ. ಈಗ ಅನ್ನಬೇಕಾದ ಕಾಲ ಬಂದಿದೆ. ಪರದೇಶದಲ್ಲಿ ನೆಲಸಿದ ಮಕ್ಕಳು ತಮ್ಮ ಹೆತ್ತವರನ್ನು ಕರೆಸಿಕೊಳ್ಳಬೇಕಾದರೆ ಆ ದೇಶದ ಸರ್ಕಾರಕ್ಕೆ ಹಣದ ಜಾಮೀನು ಬರೆದುಕೊಡಬೇಕು. ಆ ಜಾಮೀನಿನ ನ್ಯಾಯಾನ್ಯಾಯಗಳನ್ನು ಕುರಿತು ಓದುಗರೊಡನೆ ಒಂದಿಷ್ಟು ವಿಚಾರ ಮಾಡಬೇಕೆಂದು ಈ ಲೇಖನ.

ನಾನಿರುವ ಚನ್ನಪಟ್ಟಣ ಬೆಂಗಳೂರಿನಿಂದ ಸುಮಾರು ೬೦ ಕಿಲೋಮೀಟರ್ ದೂರದಲ್ಲಿ, ಮೈಸೂರಿನ ದಾರಿಯಲ್ಲಿದೆ. ಅರಗಿನ ಬಣ್ಣದ ಮರದ ಗೊಂಬೆಗಳಿಂದ ಹೆಸರಾದ ಊರು. ಸುತ್ತಣ ಹಳ್ಳಿಗಳಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳುವಿನ ಸಾಕಣೆ. ಊರಿನ ಪಕ್ಕದ ಮಳೂರಿನಲ್ಲಿ ಅಂಬೆಗಾಲಿನ ನವನೀತ ಕೃಷ್ಣನ ಸನ್ನಿಧಿಯುಂಟು. ಮಕ್ಕಳಿಲ್ಲದ ದಂಪತಿಗಳು ಅಲ್ಲಿಗೆ ಬಂದು ಹರಕೆ ಹೊತ್ತು ಪುಟ್ಟ ತೊಟ್ಟಿಲುಗಳನ್ನು ಒಪ್ಪಿಸಿ ಹೋಗುತ್ತಾರೆ. ಮಗುವಿಗಾಗಿ ದೇವರಲ್ಲಿ ಬೇಡುವಾಗ ಅದು ಮುಂದೆ ಯಾವ ದೇಶದಲ್ಲಿ ಬಾಳೀತೆಂದು ಯಾರು ತಾನೆ ಯೋಚಿಸುತ್ತಾರೆ? ಗೊಂಬೆ ಕಡೆದು ಬಾಳಿದ ಮನೆಯ ಮಕ್ಕಳು, ಹುಳು ಸಾಕಿ ಬಾಳಿದ ಮನೆಯ ಮಕ್ಕಳು ಬೆಂಗಳೂರಿನ ಕಾಲೇಜುಗಳಲ್ಲಿ ಓದಿ, ಅಲ್ಲಿಂದ ಡಲ್ಲಾಸಿಗೋ ಟೊರಾಂಟೋಗೋ ಲಂಡನ್ನಿಗೋ ಹೋಗುವುದು ಈಗ ನಮ್ಮಲ್ಲಿ ಸುದ್ದಿಯೇ ಅಲ್ಲ.

ಹೀಗೆ ಹೋದವನೊಬ್ಬನ ತಂದೆ ನನಗೆ ಬಹುಕಾಲದ ಪರಿಚಯದವರು. ಒಂದೆರಡು ಎಕರೆ ನೇರಳೆ ತೋಟವಿರುವ ರೈತರು. ಮಗ ಅಮೆರಿಕದ ಪೌರನಾಗಿದ್ದಾನೆ; ತಂದೆತಾಯಿಗಳನ್ನು ಕರೆಸಿಕೊಳ್ಳಬೇಕೆಂದು ಅರ್ಜಿ ಹಾಕಿದ್ದಾನೆ. ಕಾಗದಪತ್ರಗಳನ್ನು ಓದಿ ಹೇಳಬೇಕೆಂದು ಅವರು ನನ್ನಲ್ಲಿಗೆ ಬಂದರು. ಬಂದವರ ಮುಖದಲ್ಲಿ ಸಂತೋಷಕ್ಕಿಂತ ಮುಜುಗರವೇ ಹೆಚ್ಚಾಗಿತ್ತು. "ಮೇಷ್ಟ್ರೇ, ನನ್ ಮಗ ನಂಗೆ ಜಾಮೀನು ನಿಲ್ಬೇಕಂತೆ. ನಾನೇನ್ ಕದ್ದಿದ್ನಾ, ಯಾರನ್ನಾರ ಹೊಡೆದಿದ್ನಾ?" ಎಂದು ಕೇಳಿದರು. ಇದು ಆ ಅರ್ಥದ ಜಾಮೀನಲ್ಲ, ನಿಮ್ಮ ಊಟ ಬಟ್ಟೆಯ ಖರ್ಚಿಗೆ ಮಗ ಕೊಡುವ ಭರವಸೆ ಎಂದು ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನ್ನ ಸಾಕೋವಾಗ ನಿಂಗೆಷ್ಟು ಬತ್ತದೆ ಅಂತ ಯಾರೂ ಕೇಳ್ನಿಲ್ವಲ್ಲ" ಎಂದರು.

ಆ ಮಾತಿನಲ್ಲಿ ಎಷ್ಟು ಕಾಲದ ದುಡಿಮೆ ಅಡಗಿತ್ತೆಂಬುದನ್ನು ರೇಷ್ಮೆಯ ಮನೆಯನ್ನು ಕಂಡವರು ಬಲ್ಲರು. ನಾಲ್ಕನೆಯ ಜ್ವರ ಕಳೆದೆದ್ದ ಹುಳು ಹಗಲೂ ರಾತ್ರಿಯೂ ಸೊಪ್ಪು ಕೇಳುತ್ತದೆ. ಆ ದಿನಗಳಲ್ಲಿ ಮನೆಮಂದಿಗೆ ನಿದ್ದೆಯಿಲ್ಲ. ಹಣ್ಣಾದ ಹುಳುವನ್ನು ಆಯ್ದು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ, ಚೀಲ ಹೊತ್ತು ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗೆ ನಿಂತು, ಆ ದಿನದ ದರ ಎಷ್ಟೋ ಅಷ್ಟಕ್ಕೆ ಒಪ್ಪಿ ಬರಬೇಕು. ಹುಳುವಿಗೆ ರೋಗ ಬಂದರೆ ಆ ಬೆಳೆ ಹೋಯಿತು. ಇಂಥ ನಿಶ್ಚಯವಿಲ್ಲದ ವರಮಾನದಿಂದ ಕಾಲೇಜಿನ ಶುಲ್ಕ ಕಟ್ಟಿದ ತಂದೆಯನ್ನು ಇನ್ನೊಂದು ದೇಶದ ಕಾಗದ "ಆಶ್ರಿತ" ಎಂದು ಕರೆದರೆ ಅವರ ಮನಸ್ಸು ನೋಯುವುದು ಸಹಜ.

ಆದರೆ ನೋವೇ ನ್ಯಾಯವಲ್ಲ. ಆ ಕಾಗದ ಏನು ಹೇಳುತ್ತದೆ, ಏಕೆ ಹೇಳುತ್ತದೆ ಎಂಬುದನ್ನು ಮೊದಲು ತಿಳಿಯುವುದು ಲೇಸು.

ಅಮೆರಿಕದಲ್ಲಿ ತಂದೆತಾಯಿಗಳನ್ನು ಕಾಯಂ ವಾಸಕ್ಕೆ ಕರೆಸಿಕೊಳ್ಳುವ ಅಧಿಕಾರ ೨೧ ವರ್ಷ ತುಂಬಿದ ಪೌರನಿಗೆ ಮಾತ್ರ ಉಂಟು. ಗ್ರೀನ್ ಕಾರ್ಡ್ ಪಡೆದವನಿಗೂ ಇಲ್ಲ. ಅರ್ಜಿಯ ಜೊತೆಗೆ ಐ-೮೬೪ ಎಂಬ ಸಂಖ್ಯೆಯ ನಮೂನೆಯಲ್ಲಿ ಪೋಷಣೆಯ ಅಫಿಡವಿಟ್ಟನ್ನು ಸಲ್ಲಿಸಬೇಕು. ಅಲ್ಲಿನ ಸರ್ಕಾರ ಪ್ರತಿ ವರ್ಷವೂ ಬಡತನದ ರೇಖೆಯೊಂದನ್ನು ಪ್ರಕಟಿಸುತ್ತದೆ; ಕರೆಸಿಕೊಳ್ಳುವವನ ವರಮಾನ ಆ ರೇಖೆಯ ಶೇಕಡಾ ೧೨೫ಕ್ಕೆ ಕಡಿಮೆಯಿರಕೂಡದು. ಗಂಡ, ಹೆಂಡತಿ, ಎರಡು ಮಕ್ಕಳಿರುವ ಮನೆಗೆ ತಂದೆತಾಯಿಗಳಿಬ್ಬರು ಬಂದರೆ ಆರು ಜನವಾಯಿತು. ೨೦೨೫ರ ಲೆಕ್ಕದಲ್ಲಿ ಆರು ಜನರ ಮನೆಗೆ ಬೇಕಾದ ವಾರ್ಷಿಕ ವರಮಾನ ೫೩,೯೩೭ ಡಾಲರ್. ಅಷ್ಟಿಲ್ಲದಿದ್ದರೆ, ಕೊರತೆಯ ಐದರಷ್ಟು ಬೆಲೆಯ ಆಸ್ತಿಯನ್ನು ತೋರಿಸಬಹುದು. ಆ ಆಸ್ತಿ ಒಂದು ವರ್ಷದೊಳಗೆ ನಗದಾಗುವಂತಿರಬೇಕು. ಬರುವ ತಂದೆಯ ಆಸ್ತಿಯೂ ಲೆಕ್ಕಕ್ಕೆ ಸೇರಬಹುದು. ಅಂದರೆ ಮಗನನ್ನು ಓದಿಸಿದ ನೇರಳೆ ತೋಟವೇ ಮಗನ ಜಾಮೀನಿಗೆ ಒತ್ತಾಸೆಯಾಗಿ ನಿಲ್ಲುವ ಸಂಭವವುಂಟು.

ಸಹಿ ಹಾಕಿದ ಮೇಲೆ ಆ ಹೊಣೆ ಎಂದಿಗೆ ತೀರುತ್ತದೆ? ಬಂದವರು ಆ ದೇಶದ ಪೌರರಾದಾಗ, ಅಥವಾ ೪೦ ತ್ರೈಮಾಸಿಕಗಳ, ಎಂದರೆ ಸುಮಾರು ಹತ್ತು ವರ್ಷದ, ದುಡಿಮೆ ಅವರ ಲೆಕ್ಕಕ್ಕೆ ಸೇರಿದಾಗ, ಅಥವಾ ಅವರು ಕಾಯಂ ವಾಸದ ಹಕ್ಕನ್ನು ಬಿಟ್ಟು ಆ ದೇಶದಿಂದ ಹೊರಟುಹೋದಾಗ, ಇಲ್ಲವೇ ಸಹಿ ಮಾಡಿದವರೋ ಬಂದವರೋ ತೀರಿಕೊಂಡಾಗ. ೬೫ನೆಯ ವಯಸ್ಸಿನಲ್ಲಿ ಹೋದವರು ಇನ್ನು ಹತ್ತು ವರ್ಷ ದುಡಿಯುವುದುಂಟೇ? ಪೌರತ್ವಕ್ಕಾದರೋ ಐದು ವರ್ಷ ಕಳೆದ ಮೇಲೆ ಇಂಗ್ಲಿಷಿನ ಪರೀಕ್ಷೆಯುಂಟು. ವಯಸ್ಸಾದವರಿಗೆ ಭಾಷೆಯ ವಿನಾಯಿತಿ ಇದೆಯೆಂಬುದು ನಿಜ. ಆದರೆ ಅದಕ್ಕೆ ೧೫ ಅಥವಾ ೨೦ ವರ್ಷ ಅಲ್ಲಿಯೇ ಕಾಯಂ ವಾಸಿಯಾಗಿ ಕಳೆದಿರಬೇಕು. ಆದ್ದರಿಂದ ಕನ್ನಡವೊಂದನ್ನೇ ಬಲ್ಲ ಹಳ್ಳಿಯ ತಾಯಿಯ ವಿಷಯದಲ್ಲಿ ಮಗನ ಜಾಮೀನು ಬಹುಮಟ್ಟಿಗೆ ಜೀವಮಾನದ ಜಾಮೀನೆಂದೇ ತಿಳಿಯಬೇಕು.

ಈ ಷರತ್ತು ಎಲ್ಲಿಂದ ಬಂತು? ಸಾರ್ವಜನಿಕ ಬೊಕ್ಕಸಕ್ಕೆ ಭಾರವಾಗುವವರನ್ನು ಒಳಕ್ಕೆ ಬಿಡಕೂಡದೆಂಬ ಮಾತು ಅಮೆರಿಕದ ೧೮೮೨ರ ವಲಸೆ ಕಾಯಿದೆಯಲ್ಲಿಯೇ ಇದೆ. ಆದರೆ ಬಹುಕಾಲ ಬಂಧುಗಳು ಬರೆದುಕೊಡುತ್ತಿದ್ದ ಭರವಸೆಯ ಪತ್ರ ನೈತಿಕ ಬಾಧ್ಯತೆ ಮಾತ್ರವೆಂದು ಅಲ್ಲಿನ ನ್ಯಾಯಾಲಯಗಳು ಎಣಿಸುತ್ತಿದ್ದವು. ೧೯೯೬ರಲ್ಲಿ ಬಂದ ಕಾಯಿದೆ ಅದನ್ನು ನ್ಯಾಯಾಲಯದಲ್ಲಿ ಜಾರಿಗೊಳಿಸಬಹುದಾದ ಕರಾರನ್ನಾಗಿ ಮಾಡಿತು. ಅದೇ ವರ್ಷದ ಮತ್ತೊಂದು ಕಾಯಿದೆಯ ಪ್ರಕಾರ ಹೊಸದಾಗಿ ಬಂದವರಿಗೆ ಸಾಮಾನ್ಯವಾಗಿ ಮೊದಲ ಐದು ವರ್ಷ ಬಡವರಿಗಾಗಿ ಇರುವ ಕೇಂದ್ರ ಸರ್ಕಾರದ ಮುಖ್ಯ ಸಹಾಯಗಳು ದೊರೆಯುವುದಿಲ್ಲ.

ಹಣದ ಷರತ್ತಿಗೆ ಇನ್ನೊಂದು ಚರಿತ್ರೆಯೂ ಉಂಟು. ಅದನ್ನು ನಾವು ಮರೆಯಬಾರದು. ಕೆನಡಾ ದೇಶ ೧೯೦೮ರಲ್ಲಿ ಏಷ್ಯದಿಂದ ಬರುವವರ ಕೈಯಲ್ಲಿ ೨೦೦ ಡಾಲರ್ ಇರಬೇಕೆಂದೂ, ಸ್ವದೇಶದಿಂದ ನಡುವೆ ಎಲ್ಲಿಯೂ ಮುರಿಯದ ಒಂದೇ ಪ್ರಯಾಣದಲ್ಲಿ ಬರಬೇಕೆಂದೂ ವಿಧಿಸಿತು. ಇಂಡಿಯದಿಂದ ಹಾಗೆ ನೇರವಾಗಿ ಬರುವುದು ಆ ಕಾಲದಲ್ಲಿ ಆಗದ ಮಾತಾಗಿತ್ತು. ೧೯೧೪ರ ಮೇ ತಿಂಗಳಲ್ಲಿ ೩೭೬ ಪ್ರಯಾಣಿಕರನ್ನು ಹೊತ್ತು ವ್ಯಾಂಕೂವರಿಗೆ ಬಂದ ಕೊಮಗಾಟ ಮಾರು ಹಡಗನ್ನು ಎರಡು ತಿಂಗಳು ತಡೆದು, ಕೆಲವರನ್ನು ಬಿಟ್ಟು ಉಳಿದೆಲ್ಲರನ್ನೂ ಹಿಂದಕ್ಕೆ ಅಟ್ಟಿದ ಕಥೆ ಓದುಗರಿಗೆ ಗೊತ್ತಿರಬಹುದು. ಅಲ್ಲಿ ಮೊದಲೇ ನೆಲಸಿದ್ದ ಇಂಡಿಯದ ಗಂಡಸರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ೧೯೧೯ರವರೆಗೆ ಕಾಯಬೇಕಾಯಿತು. ಅಮೆರಿಕ ೧೯೪೬ರಲ್ಲಿ ನಮಗೆ ಬಾಗಿಲು ತೆರೆದಾಗಲೂ ಅದು ವರ್ಷಕ್ಕೆ ೧೦೦ ಜನರಿಗೆ ಮಾತ್ರ; ಬಾಗಿಲು ನಿಜವಾಗಿ ಅಗಲವಾದದ್ದು ೧೯೬೫ರ ಕಾಯಿದೆಯಿಂದ. ಅಂದಿನ ೨೦೦ ಡಾಲರಿನ ಮರೆಯಲ್ಲಿ ನಿಂತಿದ್ದದ್ದು ಮೈಬಣ್ಣದ ಅಳತೆ. ಇಂದಿನ ಅಳತೆ ಎಲ್ಲ ದೇಶದವರಿಗೂ ಒಂದೇ ಆಗಿದೆ. ಇದು ನ್ಯಾಯದ ಕಡೆಗೆ ಇಟ್ಟ ಹೆಜ್ಜೆಯೆಂದು ಒಪ್ಪಲೇಬೇಕು.

ಬೇರೆ ದೇಶಗಳ ಕಡೆಗೆ ತಿರುಗಿದರೆ ಅಳತೆಗಳು ಬೇರೆ ಬೇರೆ. ಇಂದಿನ ಕೆನಡಾದಲ್ಲಿ ತಂದೆತಾಯಿಗಳನ್ನು ಕರೆಸುವ ಯೋಜನೆ ಮಕ್ಕಳಿಂದ ೨೦ ವರ್ಷದ ಮುಚ್ಚಳಿಕೆಯನ್ನು ಕೇಳುತ್ತದೆ. ಕ್ವಿಬೆಕ್ ಪ್ರಾಂತದಲ್ಲಿ ಮಾತ್ರ ಅದು ೧೦ ವರ್ಷ. ಒಂದು ವರ್ಷದ ವರಮಾನ ಸಾಲದು, ಮೂರು ವರ್ಷ ಎಡೆಬಿಡದೆ ಗೊತ್ತಾದ ಮಟ್ಟದಲ್ಲಿರಬೇಕು; ನಡುವೆ ಒಂದು ವರ್ಷ ಕೆಲಸ ಹೋದರೆ ಎಣಿಕೆ ಮತ್ತೆ ಮೊದಲಿನಿಂದ. ಅದೂ ಮುಗಿದ ಮೇಲೆ, ಅರ್ಜಿಗಳು ಹೆಚ್ಚಾದ್ದರಿಂದ, ೨೦೧೭ರಲ್ಲಿ ಚೀಟಿ ಎತ್ತಿ ಆರಿಸುವ ಪದ್ಧತಿ ಬಂತು. ೨೦೧೧ರಲ್ಲಿ ಆರಂಭವಾದ ಸೂಪರ್ ವೀಸಾ ಎಂಬ ಇನ್ನೊಂದು ದಾರಿಯಲ್ಲಿ ತಂದೆತಾಯಿಗಳು ಒಮ್ಮೆಗೆ ಐದು ವರ್ಷದವರೆಗೆ ಇರಬಹುದು. ಅದಕ್ಕೂ ಮಕ್ಕಳ ವರಮಾನದ ಮಟ್ಟವೊಂದುಂಟು, ಜೊತೆಗೆ ಕಡಮೆಯೆಂದರೆ ಒಂದು ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ ಬೇಕು. ಆಸ್ಟ್ರೇಲಿಯದಲ್ಲಿ ಮಕ್ಕಳ ಪೈಕಿ ಅರ್ಧದಷ್ಟಾದರೂ ಅಲ್ಲಿ ನೆಲಸಿರಬೇಕು, ಅಥವಾ ಬೇರೆ ಯಾವ ಒಂದು ದೇಶದಲ್ಲಿರುವುದಕ್ಕಿಂತಲೂ ಹೆಚ್ಚು ಮಕ್ಕಳು ಅಲ್ಲಿರಬೇಕು. ಅಷ್ಟಾದ ಮೇಲೆ ಒಬ್ಬೊಬ್ಬರಿಗೂ ೪೦,೦೦೦ ಆಸ್ಟ್ರೇಲಿಯನ್ ಡಾಲರಿಗೂ ಮೀರಿದ ಶುಲ್ಕ ತೆತ್ತು ಬರುವ ಸಾಲೊಂದು, ಅದನ್ನು ತೆರಲಾರದವರ ಸಾಲು ಇನ್ನೊಂದು. ಎರಡನೆಯ ಸಾಲಿನಲ್ಲಿ ಕಾಯಬೇಕಾದದ್ದು ಸುಮಾರು ೩೦ ವರ್ಷ. ಅರವತ್ತು ದಾಟಿದವರನ್ನು ಮೂವತ್ತು ವರ್ಷ ಕಾಯಿರಿ ಎನ್ನುವುದು ಇಲ್ಲವೆನ್ನುವುದಕ್ಕೆ ಇನ್ನೊಂದು ರೂಪವಷ್ಟೆ.

ಬ್ರಿಟನ್ನಿನದು ಇನ್ನೂ ವಿಚಿತ್ರ. ೨೦೧೨ರ ಜುಲೈಯಿಂದ ಅಲ್ಲಿ ವಯಸ್ಸಾದ ತಾಯಿಯನ್ನು ಕರೆಸಿಕೊಳ್ಳಬೇಕಾದರೆ, ಸ್ನಾನ, ಉಡುಗೆ, ಅಡುಗೆಗಳಂಥ ದಿನನಿತ್ಯದ ಕೆಲಸಗಳಿಗೂ ಆಕೆಗೆ ಇನ್ನೊಬ್ಬರ ಆಸರೆ ಬೇಕಾಗಿದೆಯೆಂದು ತೋರಿಸಬೇಕು. ಮಗ ಹಣ ಕಳುಹಿಸಿದರೂ ಅಂಥ ಆರೈಕೆ ಆಕೆಯ ದೇಶದಲ್ಲಿ ದೊರೆಯದೆಂದೂ ತೋರಿಸಬೇಕು. ಗಟ್ಟಿಮುಟ್ಟಾದ ತಾಯಿ ಹೋಗುವಂತಿಲ್ಲ. ಹೋಗಬಹುದಾದ ತಾಯಿ ವಿಮಾನವೇರುವ ಸ್ಥಿತಿಯಲ್ಲಿರುವುದಿಲ್ಲ. ಗಂಡ ಹೆಂಡಿರ ವಿಷಯದಲ್ಲಿಯೂ ಅದೇ ವರ್ಷ ೧೮,೬೦೦ ಪೌಂಡಿನ ಕನಿಷ್ಠ ವರಮಾನವನ್ನು ವಿಧಿಸಿದರು. ೨೦೨೪ರ ಏಪ್ರಿಲಿನಲ್ಲಿ ಅದನ್ನು ೨೯,೦೦೦ಕ್ಕೆ ಏರಿಸಿದರು. ೨೦೧೭ರಲ್ಲಿ ಅಲ್ಲಿನ ಪರಮೋಚ್ಚ ನ್ಯಾಯಾಲಯ ಕನಿಷ್ಠ ವರಮಾನದ ತತ್ತ್ವವನ್ನು ಎತ್ತಿಹಿಡಿಯಿತು. ಆದರೆ ಮಕ್ಕಳ ಹಿತವನ್ನು ನಿಯಮಗಳು ಸಾಕಷ್ಟು ಗಮನಿಸಿಲ್ಲವೆಂದೂ ಹೇಳಿತು.

ಇಷ್ಟನ್ನು ಕೇಳಿದ ಮೇಲೆ, ಇದೆಲ್ಲ ನಿರ್ದಯವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಆದರೆ ನಾನು ಅದಕ್ಕೆ ಒಪ್ಪಲಾರೆ. ನಮ್ಮ ಹಳ್ಳಿಯ ಸಹಕಾರ ಸಂಘವೂ ಜಾಮೀನಿಲ್ಲದೆ ಸಾಲ ಕೊಡುವುದಿಲ್ಲ. ಕೊಡತೊಡಗಿದರೆ ಮೊದಲು ಮುಳುಗುವುದು ಪ್ರಾಮಾಣಿಕ ಸದಸ್ಯರು ಕೂಡಿಟ್ಟ ಷೇರು. ಔಷಧ, ಆಸ್ಪತ್ರೆ, ವೃದ್ಧಾಪ್ಯದ ನೆರವುಗಳನ್ನು ಸಾಮಾನ್ಯ ಜನರ ತೆರಿಗೆಯಿಂದ ನಡೆಸುವ ದೇಶ, ಹೊಸದಾಗಿ ಬರುವವರ ಭಾರವನ್ನು ಯಾರು ಹೊರುತ್ತಾರೆಂದು ಕೇಳಿದರೆ ಅದು ಅವಿವೇಕದ ಪ್ರಶ್ನೆಯಲ್ಲ. ಆ ತೆರಿಗೆಯನ್ನು ತೆರುವವರಲ್ಲಿ ನಮ್ಮ ಕನ್ನಡದ ಮಕ್ಕಳೂ ಇದ್ದಾರೆ. ಹೆತ್ತವರನ್ನು ಕರೆದುಕೊಂಡು ಹೋಗಿ ಪರರ ಬೊಕ್ಕಸಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳುವ ಮಗನಿದ್ದರೆ ಅವನನ್ನು ತಡೆಯುವುದು ಆ ದೇಶಕ್ಕೂ ಒಳ್ಳೆಯದು, ತಂದೆತಾಯಿಗಳಿಗೂ ಒಳ್ಳೆಯದು.

ಜಾಮೀನು ಕೇಳಬಾರದೆಂದು ನನ್ನ ವಾದವಲ್ಲ. ವರಮಾನವೊಂದನ್ನೇ ಜಾಮೀನೆಂದು ಎಣಿಸುವುದು ಸರಿಯಲ್ಲವೆಂಬುದು ನನ್ನ ವಾದ. ಇದಕ್ಕೆ ಮೂರು ಕಾರಣಗಳನ್ನು ಕೊಡುತ್ತೇನೆ.

ಮೊದಲನೆಯದು, ಈ ಲೆಕ್ಕದ ಪುಸ್ತಕದಲ್ಲಿ ಖರ್ಚಿನ ಪುಟವಿದೆ, ಜಮೆಯ ಪುಟವಿಲ್ಲ. ನಮ್ಮ ತಾಯಂದಿರು ಪರದೇಶಕ್ಕೆ ಮೊದಲ ಸಲ ಹೋಗುವುದು ಸಾಮಾನ್ಯವಾಗಿ ಮಗಳ ಅಥವಾ ಸೊಸೆಯ ಬಾಣಂತನಕ್ಕೆ. ಪ್ರವಾಸಿಯ ವೀಸಾ ಪಡೆದು, ಮೆಂತ್ಯ, ಶುಂಠಿ, ಖಾರದ ಪುಡಿ ಕಟ್ಟಿಕೊಂಡು ಹೋಗಿ, ಕೂಸಿಗೆ ಎಣ್ಣೆಯೊತ್ತಿ ನೀರೆರೆದು, ಬಾಣಂತಿಗೆ ಪಥ್ಯದ ಅಡುಗೆ ಮಾಡಿ, ಅಮೆರಿಕದಲ್ಲಾದರೆ ಸಾಮಾನ್ಯವಾಗಿ ಆರು ತಿಂಗಳಿಗೆ ಮರಳುತ್ತಾರೆ. ಅಜ್ಜಿ ಮನೆಯಲ್ಲಿದ್ದರೆ ಮಗುವಿನ ತಾಯಿ ಕೆಲಸಕ್ಕೆ ಹೋಗಬಲ್ಲಳು. ಆಕೆ ಕೆಲಸಕ್ಕೆ ಹೋದರೆ ಮನೆಯ ವರಮಾನ ಏರುತ್ತದೆ. ಆ ಏರಿದ ವರಮಾನವನ್ನೇ ಅಫಿಡವಿಟ್ಟಿನಲ್ಲಿ ತುಂಬಿ, ಅಜ್ಜಿಯನ್ನು ಭಾರವೆಂದು ಬರೆಯಲಾಗುತ್ತದೆ! ವರಮಾನದ ಒಂದು ಪಾಲು ಅವಳ ತೋಳಿನ ದುಡಿಮೆಯೆಂಬುದನ್ನು ಬರೆಯಲು ಆ ನಮೂನೆಯಲ್ಲಿ ಸ್ಥಳವಿಲ್ಲ. ಇದು ಭಾವುಕತೆಯ ಮಾತಲ್ಲ. ಲೆಕ್ಕದಲ್ಲಿಯೇ ಇರುವ ತಪ್ಪು. ಕೂಲಿ ಕೊಟ್ಟು ಮಗುವನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸಿದರೆ ಅದು ದುಡಿಮೆ, ಅಜ್ಜಿ ನೋಡಿಕೊಂಡರೆ ಏನೂ ಅಲ್ಲ ಎನ್ನುವ ಅರ್ಥಶಾಸ್ತ್ರವನ್ನು ನಮ್ಮ ಕಾಲೇಜಿನ ಹುಡುಗರು ಪ್ರಶ್ನಿಸಬೇಕು.

ಎರಡನೆಯದು, ವರಮಾನದ ಅಳತೆ ಬಾಂಧವ್ಯವನ್ನು ಸಂಬಳದ ಪ್ರಕಾರ ಹಂಚುತ್ತದೆ. ದೊಡ್ಡ ಕಂಪೆನಿಯ ಇಂಜಿನಿಯರನಿಗೆ ಈ ಷರತ್ತು ಒಂದು ಸಹಿ ಮಾತ್ರ. ವೃದ್ಧಾಶ್ರಮದಲ್ಲಿ ಪರರ ತಂದೆತಾಯಿಗಳಿಗೆ ಸ್ನಾನ ಮಾಡಿಸಿ ಊಟ ಮಾಡಿಸುವ ಹೆಣ್ಣುಮಗಳಿಗೆ, ಅಂಗಡಿಯಲ್ಲಿ ನಿಂತು ದುಡಿಯುವವನಿಗೆ, ಲಾರಿ ನಡೆಸುವವನಿಗೆ ಅದು ಗೋಡೆ. ತಾಯಿಯ ಆಸರೆ ಹೆಚ್ಚು ಬೇಕಾದವರೂ ಇವರೇ. ಇಂಜಿನಿಯರನ ಕಷ್ಟ ಬೇರೊಂದು ಬಗೆಯದು. ಉದ್ಯೋಗದ ಮೂಲಕ ಗ್ರೀನ್ ಕಾರ್ಡ್ ಕೊಡುವಾಗ ಅಮೆರಿಕ ಒಂದೊಂದು ದೇಶಕ್ಕೂ ಶೇಕಡಾ ೭ರ ಮಿತಿಯಿಟ್ಟಿರುವುದರಿಂದ ಇಂಡಿಯದಲ್ಲಿ ಹುಟ್ಟಿದವರ ಸಾಲು ಹತ್ತು ವರ್ಷಕ್ಕೂ ಮೀರಿ ಬೆಳೆದಿದೆ. ಗ್ರೀನ್ ಕಾರ್ಡಾದ ಮೇಲೆ ಪೌರತ್ವಕ್ಕೆ ಇನ್ನೂ ಐದು ವರ್ಷ. ಅವನಿಗೆ ಜಾಮೀನು ನಿಲ್ಲುವ ಅಧಿಕಾರ ಬರುವ ಹೊತ್ತಿಗೆ ತಂದೆತಾಯಿಗಳಿಗೆ ಹೊರಡುವ ಶಕ್ತಿ ಉಳಿದಿರುವುದಿಲ್ಲ.

ಇದಕ್ಕೆ ಸೇರಿದಂತೆ ಇನ್ನೊಂದು ಮಾತು. ನಮ್ಮ ಮನೆಗಳಲ್ಲಿ ಹೆತ್ತವರ ಹೊಣೆಯನ್ನು ಮಕ್ಕಳು ಹಂಚಿಕೊಳ್ಳುವುದುಂಟು. ಅಣ್ಣನದಿಷ್ಟು, ತಮ್ಮನದಿಷ್ಟು, ಮಗಳದಿಷ್ಟು. ಕೆನಡಾದಲ್ಲಿ ಕರೆಸಿಕೊಳ್ಳುವವನ ಜೊತೆಗೆ ಸಹಿ ಹಾಕಬಹುದಾದವರು ಅವನ ಹೆಂಡತಿ ಅಥವಾ ಬಾಳಸಂಗಾತಿ ಮಾತ್ರ. ಅದೇ ಊರಿನಲ್ಲಿರುವ ತಮ್ಮ ಕೈಜೋಡಿಸುವಂತಿಲ್ಲ. ಅಮೆರಿಕದಲ್ಲಿ ಬೇರೆ ಮನೆಯವನು ಜಾಮೀನು ನಿಲ್ಲಬಹುದು, ಆದರೆ ಅವನು ತಾನೊಬ್ಬನೇ ಪೂರ್ತಿ ಮಟ್ಟವನ್ನು ಮುಟ್ಟಬೇಕು. ಇಬ್ಬರ ಅರ್ಧರ್ಧವನ್ನು ಕೂಡಿಸಿ ಒಂದು ಮಾಡುವಂತಿಲ್ಲ. ಸಂಸಾರವೆಂದರೆ ಗಂಡ, ಹೆಂಡತಿ, ಮಕ್ಕಳು ಎಂದು ತಿಳಿದ ದೇಶದ ಕಾನೂನಿನಲ್ಲಿ ಒಡಹುಟ್ಟಿದವರಿಗೆ ಸ್ಥಾನವಿಲ್ಲದಿರುವುದು ಆಶ್ಚರ್ಯವಲ್ಲ. ಒಡಹುಟ್ಟಿದವರು ಒಟ್ಟಾಗಿ ಬರೆದುಕೊಡುವ ಜಾಮೀನನ್ನು ಒಪ್ಪಿದರೆ ಬೊಕ್ಕಸಕ್ಕೆ ನಷ್ಟವಿಲ್ಲ. ಒಬ್ಬನ ಕೆಲಸ ಹೋದರೂ ಇನ್ನೊಬ್ಬನಿರುತ್ತಾನಾದ್ದರಿಂದ ಭದ್ರತೆ ಹೆಚ್ಚೇ ಆಗುತ್ತದೆ. ಅಲ್ಲಿ ಮತದ ಹಕ್ಕು ಪಡೆದಿರುವ ನಮ್ಮವರು ತಮ್ಮ ಪ್ರತಿನಿಧಿಗಳ ಮುಂದೆ ಇಡಬಹುದಾದ ನ್ಯಾಯವಾದ ಕೋರಿಕೆಯಿದು.

ಮೂರನೆಯ ಕಾರಣವೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಈ ಕರಾರು ಮಗನಿಗೂ ಸರ್ಕಾರಕ್ಕೂ ನಡುವಣದು. ಯಾರ ಬದುಕಿನ ವಿಷಯವಾಗಿ ಅದು ನಡೆಯುತ್ತದೆಯೋ ಅವರ ಮಾತು ಅದರಲ್ಲಿಲ್ಲ. ಅಮೆರಿಕದ ಕರಾರಿನಲ್ಲಿ ಒಂದು ಒಳ್ಳೆಯ ಅಂಶವುಂಟು. ಮಗ ಪೋಷಿಸದೆ ಹೋದರೆ ತಂದೆತಾಯಿಗಳು ತಾವೇ ನ್ಯಾಯಾಲಯಕ್ಕೆ ಹೋಗಿ ಅದನ್ನು ಜಾರಿ ಮಾಡಿಸಬಹುದು. ಆದರೆ ಈ ಹಕ್ಕು ತಮಗಿದೆಯೆಂದು ಎಷ್ಟು ಜನ ಹೆತ್ತವರಿಗೆ ಗೊತ್ತಿದೆ? ಕಾಗದವೆಲ್ಲ ಇಂಗ್ಲಿಷಿನಲ್ಲಿ. ಮಗ ಸಹಿ ಮಾಡುತ್ತಾನೆ, ವಕೀಲರು ಕಳುಹಿಸುತ್ತಾರೆ, ತಂದೆಗೆ ಹೊರಡುವ ದಿನ ಮಾತ್ರ ತಿಳಿಯುತ್ತದೆ. ೬೫ ವರ್ಷವಾದ ಹೊಸ ನಿವಾಸಿಗೆ ಅಲ್ಲಿನ ವೃದ್ಧರ ಆರೋಗ್ಯ ಯೋಜನೆ ಮೊದಲ ಐದು ವರ್ಷ ಸಾಮಾನ್ಯವಾಗಿ ದೊರೆಯದು, ಆಮೇಲೆಯೂ ಕಂತು ಕಟ್ಟಿ ಸೇರಬೇಕು ಎಂಬ ಸಂಗತಿ ಎಷ್ಟೋ ಸಲ ಮಗನಿಗೇ ಗೊತ್ತಿರುವುದಿಲ್ಲ. ಬಡತನದ ರೇಖೆಗಿಂತ ಕಾಲು ಪಾಲು ಹೆಚ್ಚು ವರಮಾನ ಊಟ ಬಟ್ಟೆಗೆ ಸಾಕಾಗಬಹುದು. ಒಂದು ಹೃದಯದ ಚಿಕಿತ್ಸೆಗೆ ಸಾಲದು. ಅಳತೆ ಬಡ ಮಗನಿಗೆ ಅಡ್ಡಿಯಾಗುವಷ್ಟು ಎತ್ತರವಾಗಿದೆ, ವೃದ್ಧ ತಂದೆಯನ್ನು ಕಾಪಾಡುವಷ್ಟು ಎತ್ತರವಾಗಿಲ್ಲ.

ಇಲ್ಲಿ ಓದುಗರಲ್ಲಿ ಕೆಲವರು, "ಇದೇ ನೋಡಿ ಪಾಶ್ಚಾತ್ಯರ ರೀತಿ, ಎಲ್ಲಕ್ಕೂ ದುಡ್ಡಿನ ಲೆಕ್ಕ, ನಮ್ಮಲ್ಲಾದರೆ ಶ್ರವಣಕುಮಾರನ ಆದರ್ಶ" ಎಂದಾರು. ಆ ಸಮಾಧಾನಕ್ಕೂ ನಮಗೆ ಅಧಿಕಾರವಿಲ್ಲ. ೧೯೭೩ರ ದಂಡ ಪ್ರಕ್ರಿಯಾ ಸಂಹಿತೆಯ ೧೨೫ನೆಯ ಕಲಮಿನಲ್ಲಿಯೇ, ತಮ್ಮನ್ನು ತಾವು ಪೋಷಿಸಿಕೊಳ್ಳಲಾರದ ತಂದೆತಾಯಿಗಳು ಮಕ್ಕಳಿಂದ ಜೀವನಾಂಶ ಕೇಳಬಹುದೆಂದು ಬರೆಯಬೇಕಾಯಿತು. ೨೦೨೪ರ ಜುಲೈಯಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿಯೂ ಅದು ೧೪೪ನೆಯ ಕಲಮಾಗಿ ಮುಂದುವರಿದಿದೆ. ಅದೂ ಸಾಲದೆ ೨೦೦೭ರಲ್ಲಿ ಹಿರಿಯ ನಾಗರಿಕರ ಪೋಷಣೆಗೆಂದೇ ಪ್ರತ್ಯೇಕ ಕಾಯಿದೆಯೊಂದನ್ನು ಮಾಡಿ, ನ್ಯಾಯಮಂಡಳಿಗಳನ್ನು ನೇಮಿಸಿ, ತಿಂಗಳಿಗೆ ೧೦,೦೦೦ ರೂಪಾಯಿಗೆ ಮೀರದಂತೆ ಜೀವನಾಂಶವನ್ನು ಕೊಡಿಸಬಹುದೆಂದು ವಿಧಿಸಲಾಯಿತು. ಆ ಕಾಯಿದೆ ಬೇಕಾಯಿತೆಂಬುದೇ ನಮ್ಮ ಆದರ್ಶದ ಮೇಲೆ ಒಂದು ಟಿಪ್ಪಣಿ. ಹೆತ್ತವರ ಋಣವನ್ನು ರೂಪಾಯಿಯಲ್ಲಿ ಬರೆದವರು ನಾವೂ ಹೌದು. ವ್ಯತ್ಯಾಸವಿಷ್ಟೆ: ಅಲ್ಲಿ ಬಾಗಿಲು ದಾಟುವ ಮೊದಲು ಬರೆಸಿಕೊಳ್ಳುತ್ತಾರೆ, ಇಲ್ಲಿ ಬಾಗಿಲಿನಿಂದ ಹೊರಗೆ ಹಾಕಿದ ಮೇಲೆ ಬರೆಸಬೇಕಾಗುತ್ತದೆ.

ಇನ್ನು ಕೆಲವರು, ವಯಸ್ಸಾದವರು ಊರು ಬಿಟ್ಟು ಹೋಗುವುದೇ ಬೇಡ, ಹಣ ಕಳುಹಿಸಿದರೆ ಸಾಕು ಎನ್ನುತ್ತಾರೆ. ಹೋಗಲೊಲ್ಲದವರ ಮಟ್ಟಿಗೆ ಇದು ಸರಿಯಾದ ಮಾತು. ಆಡಲು ಜೊತೆಗಾರರಿಲ್ಲದ, ನಡೆದು ಹೋಗಲು ಅಂಗಡಿ ಬೀದಿಯಿಲ್ಲದ ಕಡೆಯಲ್ಲಿ, ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಕಿಟಕಿಯ ಬಳಿ ಕುಳಿತು ಹೊತ್ತು ಕಳೆದ ಹಿರಿಯರ ಬೇಸರವನ್ನು ನಾನು ಕೇಳಿ ಬಲ್ಲೆ. ಆದರೆ ಹೋಗುವುದೋ ಇರುವುದೋ ಎಂಬ ತೀರ್ಮಾನ ಅವರದಾಗಬೇಕು. ಮಗನ ಸಂಬಳದ ಚೀಟಿಯಾಗಲಿ, ನೆರೆಹೊರೆಯವರ ಉಪದೇಶವಾಗಲಿ ಅದನ್ನು ತೀರ್ಮಾನಿಸಕೂಡದು.

ಆದ್ದರಿಂದ ಕಾನೂನು ಬದಲಾಗುವವರೆಗೆ ನಮ್ಮ ಕೈಯಲ್ಲಿರುವ ಕೆಲಸವನ್ನು ನಾವು ಮಾಡಬಹುದು. ಪರದೇಶದ ಕನ್ನಡ ಕೂಟಗಳು ಯುಗಾದಿ ರಾಜ್ಯೋತ್ಸವಗಳನ್ನು ಚೆನ್ನಾಗಿ ನಡೆಸುತ್ತಿವೆ. ಅಮೆರಿಕದ ಕೂಟಗಳಿಗೆ "ಅಕ್ಕ" ಎಂಬ ಒಕ್ಕೂಟವೂ ಇದೆ. ನಮ್ಮ ರಾಜ್ಯದಲ್ಲಿ ಅನಿವಾಸಿ ಭಾರತೀಯ ಸಮಿತಿಯೆಂಬ ಸಂಸ್ಥೆಯೂ ಇದೆ. ಈ ಕರಾರುಗಳ ಸಾರಾಂಶವನ್ನು ತಿಳಿಗನ್ನಡದಲ್ಲಿ ಹತ್ತು ಪುಟದ ಪುಸ್ತಿಕೆಯಾಗಿ ಅಚ್ಚುಮಾಡಿ ಹಂಚುವುದು ಇವರಿಗೆ ಕಷ್ಟದ ಕೆಲಸವಲ್ಲ. ಮಗ ಏನು ಬರೆದುಕೊಡುತ್ತಾನೆ, ಎಷ್ಟು ವರ್ಷಕ್ಕೆ, ತಂದೆತಾಯಿಗಳಿಗೆ ಯಾವ ಹಕ್ಕು ಬರುತ್ತದೆ, ಖಾಯಿಲೆ ಬಿದ್ದರೆ ಯಾರು ನೋಡುತ್ತಾರೆ, ಮರಳಿ ಬರಬೇಕೆನ್ನಿಸಿದರೆ ಏನಾಗುತ್ತದೆ ಎಂಬ ಐದು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿದ್ದರೆ ಸಾಕು. ನಮ್ಮ ಊರುಗಳ ಉಪಾಧ್ಯಾಯರೂ ಕಾಲೇಜಿನ ವಿದ್ಯಾರ್ಥಿಗಳೂ ತಮ್ಮ ನೆರೆಯ ಹಿರಿಯರಿಗೆ ಅದನ್ನು ಓದಿ ಹೇಳಬಹುದು. ಅಕ್ಷರ ಕಲಿತವರು ಊರಿಗೆ ಸಲ್ಲಿಸಬೇಕಾದ ಸಣ್ಣ ಸೇವೆಗಳಲ್ಲಿ ಇದೂ ಒಂದು.

ಮಕ್ಕಳಿಗೆ ಹೇಳಬೇಕಾದ ಮಾತೂ ಒಂದಿದೆ. ಸಹಿ ಹಾಕುವ ಮೊದಲು ಒಂದು ಸಂಜೆ ಹೆತ್ತವರೊಡನೆ ಕುಳಿತು ಆ ಕಾಗದವನ್ನು ಅವರ ಭಾಷೆಯಲ್ಲಿ ಓದಿರಿ. ಅಲ್ಲಿ ಅವರನ್ನು ಆಶ್ರಿತರೆಂದು ಕರೆದಿರುವುದು ಕಾನೂನಿನ ಭಾಷೆಯೆಂದು ತಿಳಿಸಿರಿ. ಬರುತ್ತೀರಾ ಎಂದು ಕೇಳಿರಿ. ಬರುವುದಿಲ್ಲವೆಂದರೆ ಕಾರಣ ಕೇಳಿ ಕಾಡಬೇಡಿರಿ. ಬರುತ್ತೇವೆಂದರೆ, ನಿಮ್ಮ ಹೊಣೆಯಲ್ಲಿ ಸರ್ಕಾರ ಎಣಿಸಿರುವುದು ಊಟ ಬಟ್ಟೆಯ ಭಾಗವನ್ನು ಮಾತ್ರವೆಂಬುದನ್ನು ನೆನಪಿನಲ್ಲಿಡಿರಿ. ಮಾತನಾಡಲು ಜನ, ನಡೆಯಲು ದಾರಿ, ಕೈಖರ್ಚಿಗೆ ಕೇಳದೆ ದೊರೆಯುವ ನಾಲ್ಕು ಕಾಸು, ಬೇಡವೆನಿಸಿದ ದಿನ ಚನ್ನಪಟ್ಟಣಕ್ಕೆ ಮರಳಲು ಒಂದು ಟಿಕೀಟು: ಇವನ್ನು ಯಾವ ದೇಶವೂ ನಮೂನೆಯಲ್ಲಿ ಕೇಳುವುದಿಲ್ಲ. ಕೇಳದಿದ್ದರೂ ಕೊಡತಕ್ಕವು.